ಎಂಜಿಬಿಯ ಲೈಟು ಮಂಕು, ಬ್ಯಾಟರಿ ಡೌನ್: ವಾಯರಿಂಗ್ ಪೂರ್ತಿ ಕೀಳಬೇಕಾ?

ಪ್ರಶ್ನೆ: ಅಣ್ಣಾ, ನಮಸ್ಕಾರ್ರೀ. ನಾನು ಬೆಳಗಾವಿ ಟಿಳಕವಾಡಿಯವಳು. ಅಪ್ಪನದು 1966ರ ಎಂಜಿಬಿ ರೋಡ್‌ಸ್ಟರ್, ಬ್ರಿಟಿಷ್ ಓಪನ್ ಕಾರು. ಅವರು ತೀರಿಕೊಂಡ ಮೇಲೆ ನಾನೇ ಓಡಿಸುತ್ತಿದ್ದೇನೆ. ಶ್ರಾವಣದಲ್ಲಿ ಬ್ಯಾಟರಿ ಸತ್ತಿತು. ಅಂಗಡಿಯವರು ಮನೆಗೇ ಬಂದು ಹೊಸ 12 ವೋಲ್ಟ್ ಬ್ಯಾಟರಿ ಕೂರಿಸಿದರು. ಒಂದು ಕ್ಲ್ಯಾಂಪು ಸಡಿಲ ಅಂತ ತಗಡಿನ ಚೂರು ಸೇರಿಸಿ ಬಿಗಿ ಮಾಡಿದರು. ಅವತ್ತಿನಿಂದ ಆರ್‌ಪಿಎಂ ಮೀಟರಿನ ಮುಳ್ಳು ಏಳುವುದಿಲ್ಲ. ಚಾರ್ಜಿಂಗ್ ಲೈಟು ಆರುವುದಿಲ್ಲ, ಆಕ್ಸಲರೇಟರ್ ಕೊಟ್ಟರೆ ಇನ್ನೂ ಜೋರಾಗಿ ಉರಿಯುತ್ತದೆ. ನಾಲ್ಕೈದು ಸಲ ಮಾತ್ರ ಹೊರಗೆ ತೆಗೆದಿದ್ದೇನೆ, ಪ್ರತಿ ಸಲ ಬಂದ ಮೇಲೆ ಮನೆಯ ಚಾರ್ಜರ್ ಹಾಕಬೇಕು. ಹೆಡ್‌ಲೈಟು ಮಂಕು. ತಮ್ಮ 100/90ರ ಹ್ಯಾಲೋಜನ್ ಹಾಕಿಸಿದ, ಆದರೂ ಮಂಕೇ. ಬ್ರೇಕ್ ಒತ್ತಿದರೆ ಇಂಡಿಕೇಟರ್ ನಿಂತುಬಿಡುತ್ತದೆ, ಪೆಟ್ರೋಲ್ ಮುಳ್ಳು ಕುಣಿಯುತ್ತದೆ. ಒಂದು ಫ್ಯೂಸ್ ಎರಡು ಸಲ ಹೋಯಿತು. ಗ್ಯಾರೇಜಿನವರು ಬೆಳ್ಳಿ ಕಾಗದ ಸುತ್ತಿ ಕೊಟ್ಟರು. ಮೊನ್ನೆ ಮಳೆಯಲ್ಲಿ ಖಾನಾಪುರದಿಂದ ಬರುವಾಗ ಇಂಜಿನ್ ಕೆಮ್ಮಿ ಕೆಮ್ಮಿ ನಿಂತಿತು, ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಆಯಿತು. "ವಾಯರಿಂಗ್ ಪೂರ್ತಿ ಕಿತ್ತು ಹೊಸದು ಹಾಕೋಣ, 70 ಸಾವಿರ ಆಗುತ್ತದೆ" ಅಂತಾರೆ. ಗೆಳತಿಯ ಗಂಡ, "ಬ್ರಿಟಿಷ್ ಗಾಡಿ ಕರೆಂಟೇ ಹಾಗೆ, ಮಾರಿಬಿಡಿ" ಅಂತಾರೆ. ಏನು ಮಾಡಲಿ?

ಉತ್ತರ: ತಂಗೀ, ಮಾರಬೇಡಿ. ವಾಯರಿಂಗನ್ನೂ ಸದ್ಯಕ್ಕೆ ಯಾರೂ ಮುಟ್ಟುವುದು ಬೇಡ. ಇದನ್ನು ಓದಿದ ಕೂಡಲೇ ಎರಡು ಕೆಲಸ ಮಾಡಿ. ಬ್ಯಾಟರಿಯ ಕ್ಲ್ಯಾಂಪು ಬಿಚ್ಚಿಡಿ. ಫ್ಯೂಸಿಗೆ ಸುತ್ತಿದ ಬೆಳ್ಳಿ ಕಾಗದ ತೆಗೆದು ಬಿಸಾಡಿ. ಉಳಿದದ್ದನ್ನು ನಿಧಾನವಾಗಿ ಮಾಡಬಹುದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ತಗಡಿನ ಚೂರಿನ ಮೇಲೆ. ಬ್ಯಾಟರಿಯ ಎರಡು ಕಂಬ ಒಂದೇ ದಪ್ಪ ಇರುವುದಿಲ್ಲ. ಪ್ಲಸ್ ಕಂಬ ಸ್ವಲ್ಪ ದಪ್ಪ, ಮೈನಸ್ ಸಣ್ಣ. ಕ್ಲ್ಯಾಂಪುಗಳನ್ನೂ ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. ದಪ್ಪ ಕಂಬದ ಕ್ಲ್ಯಾಂಪನ್ನು ಸಣ್ಣ ಕಂಬಕ್ಕೆ ಹಾಕಿದಾಗ ಸಡಿಲ ಆಗುತ್ತದೆ, ಆಗ ತಗಡಿನ ಚೂರು ಬೇಕಾಗುತ್ತದೆ. ನಿಮ್ಮ ಇನ್ನೊಂದು ಕ್ಲ್ಯಾಂಪು ನೋಡಿ, ಅದನ್ನು ಸ್ಕ್ರೂ ಡ್ರೈವರ್‌ನಿಂದ ಅಗಲಿಸಿದ ಗುರುತು ಇರಬೇಕು. ಅಂದರೆ ಬ್ಯಾಟರಿ ಉಲ್ಟಾ ಕೂತಿದೆ.

ಅಂಗಡಿಯವರನ್ನು ಬೈಯುವುದು ಬೇಡ. ಈಗಿನ ಎಲ್ಲಾ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ವಾಯರ್ ಗಾಡಿಯ ಬಾಡಿಗೆ, ಅಂದರೆ ಲೋಹದ ಮೈಗೆ, ಹೋಗುತ್ತದೆ (ಅದೇ ಅರ್ಥಿಂಗ್). ಅವರ ಕೈಗೆ ಅದೇ ರೂಢಿ. ಆದರೆ ಎಂಜಿಬಿ 1962ರಲ್ಲಿ ಬಂದಾಗ ಅದರಲ್ಲಿ ಪ್ಲಸ್ ಬಾಡಿಗೆ ಹೋಗುತ್ತಿತ್ತು. 1967ರ ಕೊನೆಗೆ ಮಾರ್ಕ್ 2 ಬಂದಾಗ ಅದು ಮೈನಸ್‌ಗೆ ಬದಲಾಯಿತು, ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ಹೋಗಿ ಅದರ ಜಾಗಕ್ಕೆ ಆಲ್ಟರ್ನೇಟರ್ ಬಂತು. ನಿಮ್ಮದು 1966ರದು. ಮೊದಲು ಅದರಲ್ಲಿ ಸೀಟಿನ ಹಿಂದೆ, ತಗಡಿನ ಮುಚ್ಚಳದ ಕೆಳಗೆ ಎರಡು 6 ವೋಲ್ಟ್ ಬ್ಯಾಟರಿ ಇದ್ದವು. ಯಾವಾಗಲೋ ಅಪ್ಪ ಅದನ್ನು ಒಂದೇ 12 ವೋಲ್ಟಿಗೆ ಮಾಡಿಸಿರಬೇಕು. ಆದರೆ ಪ್ಲಸ್ ಅರ್ಥಿಂಗ್ ಹಾಗೇ ಬಿಟ್ಟಿದ್ದಾರೆ ಅಂತ ಆ ಕ್ಲ್ಯಾಂಪೇ ಹೇಳುತ್ತಿದೆ.

"ಉಲ್ಟಾ ಕೂತರೆ ಗಾಡಿ ಸ್ಟಾರ್ಟೇ ಆಗಬಾರದಿತ್ತಲ್ವಾ?" ಅಂತ ಕೇಳಬಹುದು. ಎಲ್ಲರೂ ಮೋಸ ಹೋಗುವುದು ಇಲ್ಲೇ. ಬಲ್ಬಿಗೆ ಪ್ಲಸ್ ಮೈನಸ್ ಗೊತ್ತಿಲ್ಲ, ಯಾವ ಕಡೆಯಿಂದ ಕರೆಂಟ್ ಬಂದರೂ ಉರಿಯುತ್ತದೆ. ಹಾರ್ನೂ ಅಷ್ಟೇ. ಹಳೇ ಸೆಲ್ಫ್ ಮೋಟಾರಿನ ಒಳಗೆ ಕಾಯಂ ಅಯಸ್ಕಾಂತ ಇಲ್ಲ, ತಂತಿಯ ಸುರುಳಿ ಇದೆ. ಪ್ಲಸ್ ಮೈನಸ್ ಬದಲಾದರೆ ಒಳಗೆ ಎರಡೂ ಒಟ್ಟಿಗೆ ಬದಲಾಗುತ್ತವೆ, ತಿರುಗುವ ದಿಕ್ಕು ಅದೇ ಉಳಿಯುತ್ತದೆ. ಪೆಟ್ರೋಲ್ ಗೇಜು ಬಿಸಿಯಿಂದ ಬಾಗುವ ಪಟ್ಟಿಯ ಮೇಲೆ ನಡೆಯುತ್ತದೆ, ಅದಕ್ಕೂ ಪರವಾ ಇಲ್ಲ. ಹಾಗಾಗಿ ಗಾಡಿ ಓಡುತ್ತದೆ, ಎಲ್ಲಾ ಸರಿ ಇದೆ ಅಂತ ಅನಿಸುತ್ತದೆ.

ಆರ್‌ಪಿಎಂ ಮೀಟರ್ ಮಾತ್ರ ಹಾಗಲ್ಲ. ನಿಮ್ಮ ಗಾಡಿಯದು ಎಲೆಕ್ಟ್ರಾನಿಕ್ ಮೀಟರ್, ಒಳಗೆ ಟ್ರಾನ್ಸಿಸ್ಟರ್ ಇದೆ. ಅದು ಅವತ್ತೇ ಸುಮ್ಮನಾಯಿತು. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಕೆಲಸ ಮಾಡುತ್ತದೆ, ಆದರೆ ಕಿಡಿ ಉಲ್ಟಾ ಹಾರುತ್ತದೆ. ಪ್ಲಗ್ಗಿನ ಮಧ್ಯದ ಕಡ್ಡಿಯಿಂದ ಕಿಡಿ ಹೊರಡುವುದು ಸುಲಭ, ಏಕೆಂದರೆ ಅದು ಬಿಸಿ ಇರುತ್ತದೆ. ಉಲ್ಟಾ ಆದಾಗ ಅಷ್ಟೇ ಕಿಡಿಗೆ ಜಾಸ್ತಿ ವೋಲ್ಟ್ ಬೇಕು. ಒಣ ದಿನ ಇದು ಗೊತ್ತಾಗುವುದಿಲ್ಲ. ಮಳೆಯಲ್ಲಿ, ತೇವದಲ್ಲಿ ಇಂಜಿನ್ ಕೆಮ್ಮುತ್ತದೆ. ಖಾನಾಪುರದ ದಾರಿಯಲ್ಲಿ ಆಗಿದ್ದರಲ್ಲಿ ಇದರ ಪಾಲೂ ಇರಬಹುದು.

ಇನ್ನು ಚಾರ್ಜಿಂಗ್ ಲೈಟು. ಅದರ ಒಂದು ಕಡೆ ಬ್ಯಾಟರಿ ಇದೆ, ಇನ್ನೊಂದು ಕಡೆ ಡೈನಮೊ. ಎರಡೂ ಕಡೆ ವೋಲ್ಟ್ ಸಮ ಆದಾಗ ಲೈಟು ಆರುತ್ತದೆ. ಡೈನಮೊದ ಕಬ್ಬಿಣದಲ್ಲಿ ಸ್ವಲ್ಪ ಅಯಸ್ಕಾಂತದ ಗುಣ ಉಳಿದಿರುತ್ತದೆ, ಪ್ಲಸ್ ಯಾವ ಕಡೆ ಹುಟ್ಟಬೇಕು ಅನ್ನುವುದು ಅದರಿಂದಲೇ ಗೊತ್ತಾಗುವುದು. ಬ್ಯಾಟರಿ ಬದಲಾಯಿತು, ಡೈನಮೊ ಹಳೇ ದಿಕ್ಕಿನಲ್ಲೇ ಉಳಿಯಿತು. ಈಗ ಎರಡೂ ಸಮ ಆಗುವ ಬದಲು ಒಂದಕ್ಕೊಂದು ಕೂಡಿಕೊಳ್ಳುತ್ತಿವೆ. ಆಕ್ಸಲರೇಟರ್ ಕೊಟ್ಟಷ್ಟೂ ಲೈಟು ಜೋರಾಗುವುದು ಅದಕ್ಕೇ. ಡೈನಮೊ ಬರೀ ಕೆಟ್ಟಿದ್ದರೆ ಲೈಟು ಒಂದೇ ಸಮ ಉರಿಯುತ್ತಿತ್ತು. ಡೈನಮೊದ ಚಾರ್ಜಿಂಗನ್ನು ಹತೋಟಿಯಲ್ಲಿಡುವ ಕಟೌಟ್ ಬಾಕ್ಸಿನ ಮುಚ್ಚಳ ತೆಗೆದು ಪಾಯಿಂಟುಗಳನ್ನು ನೋಡಿ. ಕಪ್ಪಾಗಿದ್ದರೆ ನಯವಾದ ಗ್ಲಾಸ್ ಪೇಪರಿನಿಂದ ಉಜ್ಜಬಹುದು. ಕರಗಿ ಅಂಟಿಕೊಂಡಿದ್ದರೆ ಬಾಕ್ಸ್ ಬದಲಿಸಬೇಕು.

ಈಗ ಮುಂದೆ ಮೂರು ದಾರಿ ಇವೆ.

ಮೊದಲನೆಯದು ಹಳೇ ರೀತಿಗೇ ಮರಳುವುದು. ಪ್ಲಸ್ಸನ್ನು ಬಾಡಿಗೆ ಹಾಕಿದರೆ ಆಯಿತು. ಖರ್ಚು ಏನೂ ಇಲ್ಲ, ಗಾಡಿ ಕಾರ್ಖಾನೆಯಿಂದ ಬಂದ ಹಾಗೇ ಉಳಿಯುತ್ತದೆ. ಮೀಟರ್ ಸುಟ್ಟಿಲ್ಲದಿದ್ದರೆ ಅದೂ ಎದ್ದು ಕೂರುತ್ತದೆ. ಆದರೆ ಮುಂದಿನ ಸಲ ಬ್ಯಾಟರಿ ಬದಲಿಸುವವರು ಮತ್ತೆ ಇದೇ ತಪ್ಪು ಮಾಡುತ್ತಾರೆ. ಈಗಿನ ಮೊಬೈಲ್ ಚಾರ್ಜರ್, ರೇಡಿಯೋ ನೇರ ಹಾಕಲಿಕ್ಕಾಗದು. ಚಾರ್ಜರಿನ ಹೊರಗಿನ ಲೋಹ ಮೈನಸ್ ಆಗಿರುತ್ತದೆ, ಅದು ಬಾಡಿಗೆ ತಾಗಿದರೆ ನೇರ ಶಾರ್ಟ್.

ಎರಡನೆಯದು ಡೈನಮೊ ಇಟ್ಟುಕೊಂಡೇ ಸರಿಯಾಗಿ ಮೈನಸ್ ಅರ್ಥಿಂಗ್ ಮಾಡುವುದು. ಅರ್ಧ ದಿನದ ಕೆಲಸ. ಬ್ಯಾಟರಿ ಈಗ ಇರುವ ಹಾಗೇ ಇರಲಿ, ಕಂಬಕ್ಕೆ ತಕ್ಕ ಹೊಸ ಕ್ಲ್ಯಾಂಪು ಹಾಕಿ. ಡೈನಮೊದ ಎರಡೂ ವಾಯರ್ ಬಿಚ್ಚಿ. ಬ್ಯಾಟರಿಯ ಪ್ಲಸ್‌ನಿಂದ ಒಂದು ಉದ್ದ ವಾಯರ್ ಎಳೆದು, ಡೈನಮೊದ ಸಣ್ಣ ಟರ್ಮಿನಲ್ಲಿಗೆ, ಅಂದರೆ 'ಎಫ್' ಅಂತ ಇರುವುದಕ್ಕೆ, ಎರಡು ಮೂರು ಸಲ ತಟ್ ತಟ್ ಅಂತ ತಾಗಿಸಿ ತೆಗೆಯಿರಿ. ಕಿಡಿ ಡೈನಮೊ ಕಡೆ ಹಾರಬೇಕು, ಬ್ಯಾಟರಿ ಕಡೆ ಅಲ್ಲ. ಚಾರ್ಜ್ ಆಗುವ ಬ್ಯಾಟರಿಯ ಸುತ್ತ ಹೈಡ್ರೋಜನ್ ಇರುತ್ತದೆ, ಒಂದು ಕಿಡಿ ಸಾಕು ಅದು ಸಿಡಿಯಲಿಕ್ಕೆ. ಇಷ್ಟಾದರೆ ಡೈನಮೊ ಹೊಸ ದಿಕ್ಕಿಗೆ ತಿರುಗಿತು. ಕಾಯಿಲ್‌ನ ಎರಡು ಸಣ್ಣ ವಾಯರ್ ಅದಲು ಬದಲು ಮಾಡಿ. ಹೀಟರ್ ಫ್ಯಾನ್ ಉಲ್ಟಾ ತಿರುಗುತ್ತಿದ್ದರೆ ಅದರ ವಾಯರನ್ನೂ. ಆರ್‌ಪಿಎಂ ಮೀಟರನ್ನು ಮಾತ್ರ ಬಿಚ್ಚಿ, ಒಳಗಿನ ಜೋಡಣೆ ಬದಲಿಸಬೇಕು. ಅದನ್ನು ಮೀಟರ್ ರಿಪೇರಿ ಗೊತ್ತಿರುವವರ ಕೈಗೇ ಕೊಡಿ.

ಮೂರನೆಯದು ಡೈನಮೊ ತೆಗೆದು ಆಲ್ಟರ್ನೇಟರ್ ಹಾಕುವುದು. ನಮ್ಮ ಕಡೆ ಹಳೇ ಗಾಡಿಗಳಿಗೆ ಸಣ್ಣ ಕಾರಿನ ಆಲ್ಟರ್ನೇಟರ್ ಕೂರಿಸುವವರು ಇದ್ದಾರೆ. ಐಡಲ್‌ನಲ್ಲೂ ಚಾರ್ಜ್ ಆಗುತ್ತದೆ, ಅದು ದೊಡ್ಡ ಅನುಕೂಲ. ಆದರೆ ಹಳೇ ಕಂದು ವಾಯರ್ ಡೈನಮೊದ 22 ಆಂಪಿಯರಿಗೆ ಲೆಕ್ಕ ಹಾಕಿ ಹಾಕಿದ್ದು. ಅದರ ಮೇಲೆ 45 ಆಂಪಿಯರ್ ಹೇರಿದರೆ ಕಾಯುತ್ತದೆ. ಆ ವಾಯರ್ ದಪ್ಪ ಮಾಡದೆ ಆಲ್ಟರ್ನೇಟರ್ ಹಾಕಿಸಬೇಡಿ. ಅದಾದ ಮೇಲೆ ಯಾರಾದರೂ ಬ್ಯಾಟರಿ ಉಲ್ಟಾ ಹಾಕಿದರೆ ಆಲ್ಟರ್ನೇಟರಿನೊಳಗಿನ ಡಯೋಡುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತವೆ.

ನನ್ನ ಮಾತು ಕೇಳುವುದಾದರೆ ಎರಡನೆಯದು ಮಾಡಿಸಿ. ನೀವು ಈ ಗಾಡಿಯನ್ನು ಬೆಳಗಾವಿಯಲ್ಲೇ ಓಡಿಸುವವರು. ಕೆಟ್ಟರೆ ಹತ್ತಿರದ ಯಾರಾದರೂ ಕೈ ಹಾಕುತ್ತಾರೆ. ಅವರ ರೂಢಿಗೆ ಗಾಡಿ ಹೊಂದಿದ್ದರೆ ಗಾಡಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಯಾವ ಭಾಗವನ್ನೂ ಬಿಸಾಡಬೇಡಿ, ಮುಂದೆ ಹಳೇ ರೀತಿ ಬೇಕು ಅನಿಸಿದರೆ ತಿರುಗಿ ಮಾಡಬಹುದು.

ಹೆಡ್‌ಲೈಟಿನ ಲೆಕ್ಕ ನೋಡೋಣ. ನಿಮ್ಮ ತಮ್ಮ ಹಾಕಿಸಿದ ಬಲ್ಬು ಹೈ ಬೀಮಿನಲ್ಲಿ 100 ವ್ಯಾಟಿನವು. ಎರಡು ಸೇರಿ 200 ವ್ಯಾಟ್. 12 ವೋಲ್ಟಿಗೆ ಸುಮಾರು 17 ಆಂಪಿಯರ್. ಡೈನಮೊ ಪೂರ್ತಿ ಸ್ಪೀಡಿನಲ್ಲಿ ಕೊಡುವುದೇ 22. ವೈಪರ್, ಇಂಡಿಕೇಟರ್, ಕಾಯಿಲ್ ಎಲ್ಲಾ ಉಳಿದದ್ದರಲ್ಲಿ ನಡೆಯಬೇಕು. ಕಾಂಗ್ರೆಸ್ ರೋಡಿನ ಟ್ರಾಫಿಕ್‌ನಲ್ಲಿ ಐಡಲ್ ಆಗಿ ನಿಂತರೆ ಡೈನಮೊದಿಂದ ಏನೂ ಬರುವುದಿಲ್ಲ, ಎಲ್ಲಾ ಬ್ಯಾಟರಿಯಿಂದಲೇ ಹೋಗುತ್ತದೆ. (ಐಡಲ್‌ನಲ್ಲಿ ಚಾರ್ಜಿಂಗ್ ಲೈಟು ಸಣ್ಣಗೆ ಮಿಣುಕುವುದು ಡೈನಮೊ ಗಾಡಿಯಲ್ಲಿ ಸಹಜ. ಅದಕ್ಕೆ ಗಾಬರಿ ಬೇಡ.) ಸಾಲದ್ದಕ್ಕೆ ಈ ಕರೆಂಟ್ ಪೂರ್ತಿ ಡ್ಯಾಶ್‌ಬೋರ್ಡಿನ ಹಳೇ ಸ್ವಿಚ್ಚು, ಡಿಪ್ಪರ್ ಸ್ವಿಚ್ಚು ದಾಟಿ ಹೋಗುತ್ತದೆ. ರಾತ್ರಿ ಓಡಿಸಿ ಬಂದು ಸ್ವಿಚ್ಚಿನ ಹಿಂದೆ ಕೈ ಇಟ್ಟು ನೋಡಿ, ಬಿಸಿ ಇರುತ್ತದೆ. ಅದು ಬೆಳಕಾಗಬೇಕಿದ್ದ ಕರೆಂಟು. ಬಲ್ಬಿಗೆ ಹತ್ತು ಪರ್ಸೆಂಟ್ ವೋಲ್ಟ್ ಕಡಿಮೆ ಆದರೆ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಹಾಗಾಗಿ ದೊಡ್ಡ ಬಲ್ಬು ಹಾಕಿದರೂ ಮಂಕೇ. ಅವನ್ನು ತೆಗೆದು 60/55ರ ಬಲ್ಬು ಹಾಕಿ, ಹೈ ಬೀಮಿಗೊಂದು ಲೋ ಬೀಮಿಗೊಂದು ರಿಲೇ (ಹಳೇ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನೇರ ಬಲ್ಬಿಗೆ ಬಿಡುವ ಸಣ್ಣ ಡಬ್ಬಿ) ಹಾಕಿಸಿ, ರಿಲೇಗೆ ಬೇರೆ ಫ್ಯೂಸ್ ಕೊಡಿಸಿ. ಈ ಗಾಡಿಯ ಹೆಡ್‌ಲೈಟಿಗೆ ಕಂಪನಿಯವರು ಫ್ಯೂಸೇ ಕೊಟ್ಟಿರಲಿಲ್ಲ.

ಬ್ರೇಕ್ ಒತ್ತಿದರೆ ಇಂಡಿಕೇಟರ್ ನಿಲ್ಲುವುದು, ಮುಳ್ಳು ಕುಣಿಯುವುದು, ಇದು ಅರ್ಥಿಂಗ್ ರೋಗ. ನೂರು ಹಳೇ ಗಾಡಿ ಬಂದರೆ ಅದರಲ್ಲಿ ಎಂಬತ್ತಕ್ಕೆ ಇದೇ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. ಕರೆಂಟ್ ಬ್ಯಾಟರಿಯಿಂದ ಬಲ್ಬಿಗೆ ವಾಯರಿನಲ್ಲಿ ಬರುತ್ತದೆ, ವಾಪಸ್ ಬಾಡಿಯ ತಗಡಿನಲ್ಲಿ ಹೋಗುತ್ತದೆ. ಹೋಗುವ ದಾರಿಯಲ್ಲಿ ಜಂಗು ಕೂತರೆ ಕರೆಂಟ್ ಸುಮ್ನೆ ನಿಲ್ಲುವುದಿಲ್ಲ, ಪಕ್ಕದ ಬಲ್ಬಿನೊಳಗೆ ನುಗ್ಗಿ ಅಲ್ಲಿಂದ ದಾರಿ ಹುಡುಕುತ್ತದೆ. ಬ್ರೇಕ್ ಲೈಟಿನ ಕರೆಂಟ್ ಇಂಡಿಕೇಟರ್ ಮೂಲಕ ವಾಪಸ್ ಹೊರಟಾಗ ಇಂಡಿಕೇಟರ್ ನಿಂತುಹೋಗುತ್ತದೆ.

ಬೆಳಗಾವಿಯ ಮಳೆಗಾಲ ಗೊತ್ತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಬಟ್ಟೆಗೇ ಬೂಸ್ಟು ಬರುತ್ತದೆ, ಇನ್ನು ಹಿತ್ತಾಳೆ ಬಿಡುತ್ತದಾ? ಈ ಗಾಡಿಯ ವಾಯರ್ ಜೋಡಣೆಗಳು ಬುಲೆಟ್ ಕನೆಕ್ಟರ್. ಗುಂಡಿನಾಕಾರದ ಹಿತ್ತಾಳೆ ತುದಿ, ಮೇಲೆ ಕರಿ ರಬ್ಬರಿನ ಕೊಳವೆ. ಡಿಕ್ಕಿಯಲ್ಲಿ ಒಂದನ್ನು ಹಿಡಿದು, ಎಳೆಯದೆ, ತಿರುಚುತ್ತಾ ಹೊರಗೆ ತೆಗೆಯಿರಿ. ತುದಿ ಹಳದಿಯಾಗಿ ಹೊಳೆಯಬೇಕಿತ್ತು. ನಿಮ್ಮದರಲ್ಲಿ ಹಸಿರು ಕಿಲುಬು ಇರುತ್ತದೆ, ಬೆರಳಿಗೆ ಪುಡಿಯಾಗಿ ಅಂಟುತ್ತದೆ. ಹುಣಸೆಹಣ್ಣು ಹಚ್ಚದೆ ಬಿಟ್ಟ ತಾಮ್ರದ ಕೊಡದ ಬಣ್ಣ ಅದು. ಹೊರಗಿನಿಂದ ನೋಡಿದರೆ ಗಟ್ಟಿ ಜೋಡಣೆ, ಒಳಗೆ ಕರೆಂಟಿಗೆ ಗೋಡೆ. ಎಮರಿ ಪೇಪರಿನಿಂದ ಉಜ್ಜಿ, ಕೊಳವೆ ಸಡಿಲ ಆಗಿದ್ದರೆ ಹೊಸದು ಹಾಕಿ, ಚೂರು ವ್ಯಾಸಲೀನ್ ಸವರಿ ಕೂರಿಸಿ. ಲೈಟಿನ ಗೂಡು ಬಾಡಿಗೆ ಕೂರುವ ಸ್ಕ್ರೂಗಳನ್ನೂ ಬಿಚ್ಚಿ, ಅಡಿಯ ಬಣ್ಣ ಕೆರೆದು, ತಗಡು ಹೊಳೆಯುವ ಹಾಗೆ ಮಾಡಿ ಬಿಗಿಯಿರಿ. ಪೇಂಟ್ ಮಾಡಿಸಿದ ಮೇಲೆ ಕರೆಂಟ್ ಕೆಟ್ಟಿತು ಅಂತ ಬರುವ ಗಾಡಿಗಳ ಕತೆ ಎಲ್ಲಾ ಇದೇ.

ಎಲ್ಲಿ ಕೆಟ್ಟಿದೆ ಅಂತ ಊಹಿಸಬೇಡಿ, ಅಳೆಯಿರಿ. ಒಂದು ಮಲ್ಟಿಮೀಟರ್ ತೊಗೊಳ್ಳಿ, ಸಾದಾ ಸಾಕು. ಲೈಟು ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯಿಂದ ಬಾಡಿಗೆ ಹೋಗುವ ಕಂಬದ ಮೇಲೆ, ಇನ್ನೊಂದು ಬಲ್ಬ್ ಹೋಲ್ಡರಿನ ಲೋಹದ ಮೇಲೆ ಇಡಿ. 0.2 ವೋಲ್ಟಿನ ಒಳಗೆ ಬಂದರೆ ಅರ್ಥಿಂಗ್ ಚೆನ್ನಾಗಿದೆ. ಒಂದು ವೋಲ್ಟ್ ತೋರಿಸಿದರೆ ಅಷ್ಟು ಅಲ್ಲೇ ಸೋರಿತು ಅಂತ ಅರ್ಥ. ಆಮೇಲೆ ಅದೇ ಕಡ್ಡಿಯನ್ನು ಇಂಜಿನ್ ಮೇಲಿಟ್ಟು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಇಂಜಿನ್ನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿ ಕೆಟ್ಟಿದೆ.

ಆ ಪಟ್ಟಿಯನ್ನು ಹಗುರ ಮಾಡಬೇಡಿ. ಕೆಲವು ವರ್ಷದ ಹಿಂದೆ ಒಬ್ಬರು ಇಂಜಿನ್ ಇಳಿಸಿ ಕೂರಿಸಿದ ಹಳೇ ಕಾರು ತಂದರು. ಸೆಲ್ಫ್ ಹೊಡೆದರೆ ಡ್ಯಾಶ್‌ಬೋರ್ಡಿನಿಂದ ಹೊಗೆ. ನೋಡಿದರೆ ಇಂಜಿನ್ ಕೂರಿಸಿದವರು ಪಟ್ಟಿ ಹಾಕುವುದನ್ನೇ ಮರೆತಿದ್ದರು. ಸೆಲ್ಫಿನ ಕರೆಂಟ್ ಬೇರೆ ದಾರಿ ಇಲ್ಲದೆ ಚೋಕ್ ಕೇಬಲ್ಲಿನ ಮೂಲಕ ವಾಪಸ್ ಹೋಗುತ್ತಿತ್ತು. ಕೇಬಲ್ ಕೆಂಪಗೆ ಕಾದಿತ್ತು. ಅವರು ಆಗಲೇ ಎರಡು ಬ್ಯಾಟರಿ, ಒಂದು ಸೆಲ್ಫ್ ಮೋಟಾರ್ ಬದಲಿಸಿದ್ದರು.

ಫ್ಯೂಸಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಗಾಡಿಗೆ ಕೆಲಸದ ಫ್ಯೂಸ್ ಎರಡೇ. ಒಂದರ ಮೇಲೆ ಹಾರ್ನ್, ಇನ್ನೊಂದರ ಮೇಲೆ ವೈಪರ್, ಬ್ರೇಕ್ ಲೈಟು, ಇಂಡಿಕೇಟರ್, ಗೇಜು. ಎರಡಕ್ಕೂ 35 ಅಂತ ಬರೆದಿರುತ್ತದೆ. ಈ ಗಾಡಿಯ ಕರೆಂಟ್ ಸಾಮಾನು ಮಾಡಿದ ಲೂಕಾಸ್ ಕಂಪನಿಯ ಲೆಕ್ಕದಲ್ಲಿ 35 ಅಂದರೆ ಸುಟ್ಟು ಹೋಗುವ ಆಂಪಿಯರ್. ನಿರಂತರ ಹೊರುವುದು 17 ಮಾತ್ರ. ಅಂಗಡಿಯಲ್ಲಿ ಈಗ 35 ಕೇಳಿದರೆ 35 ಆಂಪಿಯರ್ ಆರಾಮಾಗಿ ಹೊರುವ ಫ್ಯೂಸ್ ಕೊಡಬಹುದು, ಅದು ಉಳಿಯುತ್ತದೆ, ನಿಮ್ಮ ವಾಯರ್ ಉರಿಯುತ್ತದೆ. ನಿರಂತರ 17 ಹೊರುವುದನ್ನು ಕೇಳಿ ಹಾಕಿ. ಬೆಳ್ಳಿ ಕಾಗದದ ಬಗ್ಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಹಾಗೆ ಮಾಡಿ ಕೊಡುವುದು ತಪ್ಪು. ಫ್ಯೂಸ್ ಎರಡು ಸಲ ಹೋಯಿತು ಅಂದರೆ ಎಲ್ಲೋ ವಾಯರ್ ತಗಡಿಗೆ ಉಜ್ಜುತ್ತಿದೆ. ಫ್ಯೂಸಿನ ಜಾಗದಲ್ಲಿ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ. ಜೋರಾಗಿ ಉರಿದರೆ ಶಾರ್ಟ್ ಇದೆ. ಒಂದೊಂದೇ ಹಸಿರು ವಾಯರ್ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಲ್ಯಾಂಪ್ ಆರುತ್ತದೋ ಆ ವಾಯರಿನ ದಾರಿ ಹಿಡಿದು ಹುಡುಕಿ. ಡಿಕ್ಕಿಯೊಳಗೆ ತಗಡಿನ ಅಂಚು ದಾಟುವ ಕಡೆ ಮೊದಲು ನೋಡಿ.

ಮಳೆಯಲ್ಲಿ ನಿಂತದ್ದಕ್ಕೆ ಕಿಡಿ ಉಲ್ಟಾ ಇರುವುದೊಂದೇ ಕಾರಣ ಅಂತ ಈಗಲೇ ಹೇಳಲಾರೆ. ಇನ್ನೊಮ್ಮೆ ನಿಂತರೆ ಹೀಗೆ ಮಾಡಿ. ಕೀ ಆನ್ ಮಾಡಿ ಕಿವಿಗೊಡಿ. ಹಿಂದಿನಿಂದ ಪೆಟ್ರೋಲ್ ಪಂಪು ಟಿಕ್ ಟಿಕ್ ಅಂದು ಸುಮ್ಮನಾದರೆ ಪಂಪಿನ ಕಡೆ ಸರಿ ಇದೆ ಅಂತ ಹಿಡಿಯಿರಿ, ಕಿಡಿಯ ಕಡೆ ನೋಡಬೇಕು. ಸದ್ದೇ ಇಲ್ಲದಿದ್ದರೆ ಪಂಪನ್ನು ಸ್ಕ್ರೂ ಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಿಕ್ ಅಂತ ಎದ್ದರೆ ಅದರ ಪಾಯಿಂಟು ಹೊಲಸಾಗಿದೆ. ಪಂಪೂ ಇಲ್ಲ, ಚಾರ್ಜಿಂಗ್ ಲೈಟೂ ಹತ್ತಲಿಲ್ಲ ಅಂದರೆ ಇಗ್ನಿಷನ್ ಸ್ವಿಚ್ಚಿನಿಂದ ಬರುವ ಬಿಳಿ ವಾಯರಿನಲ್ಲಿ ಲೂಸ್ ಕಾಂಟ್ಯಾಕ್ಟ್. ಕಿಡಿಯ ಕಡೆ ಅನುಮಾನ ಇದ್ದರೆ ರಾತ್ರಿ ಗ್ಯಾರೇಜಿನ ದೀಪ ಆರಿಸಿ, ಬಾನೆಟ್ ಎತ್ತಿ, ಇಂಜಿನ್ ಓಡುವಾಗ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಕಡೆ ಇಸ್ತ್ರಿಗೆ ಬಳಸುವ ಸ್ಪ್ರೇಯಿಂದ ನೀರಿನ ಮಂಜು ಹೊಡೆಯಿರಿ. ಕೈ, ಸೆರಗು, ದುಪಟ್ಟಾ ದೂರ ಇರಲಿ. ಕ್ಯಾಪಿನ ಮೇಲೆ, ಪ್ಲಗ್ ವಾಯರಿನ ಮೇಲೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಕಂಡರೆ ಕ್ಯಾಪು, ವಾಯರು ಹೊಸದು ಹಾಕಿಸಿ.

ಈಗ ಆ 70 ಸಾವಿರದ ಮಾತು. ವಾಯರಿಂಗ್ ಪೂರ್ತಿ ಬದಲಿಸಬೇಕಾದ ಗಾಡಿಗಳೂ ಇವೆ. ವಾಯರನ್ನು ಬೆರಳಿನಲ್ಲಿ ಬಗ್ಗಿಸಿದಾಗ ಮೇಲಿನ ಪ್ಲಾಸ್ಟಿಕ್ ಬಿರಿದರೆ, ಇಲಿ ಕಡಿದಿದ್ದರೆ, ಒಂದು ಸಲ ಸುಟ್ಟು ವಾಯರುಗಳು ಒಂದಕ್ಕೊಂದು ಅಂಟಿದ್ದರೆ ಬದಲಿಸಲೇಬೇಕು. ನಿಮ್ಮ ಪತ್ರದಲ್ಲಿ ಅಂಥ ಗುರುತು ಒಂದೂ ಇಲ್ಲ. ಬದಲಿಸುವ ಕಾಲ ಬಂದರೂ ಇಂಗ್ಲೆಂಡಿನಿಂದ ಇದೇ ಮಾಡೆಲ್ಲಿನ ರೆಡಿ ಹಾರ್ನೆಸ್, ಅಂದರೆ ವಾಯರುಗಳ ಪೂರ್ತಿ ಕಟ್ಟು, ತರಿಸಬಹುದು. ಗ್ಯಾರೇಜಿನಲ್ಲಿ ಒಂದೇ ಕೆಂಪು ವಾಯರಿನ ಸುರುಳಿ ತಂದು ಎಲ್ಲದಕ್ಕೂ ಅದನ್ನೇ ಎಳೆಯಲು ಬಿಡಬೇಡಿ. ಈ ಗಾಡಿಯ ವಾಯರಿನ ಬಣ್ಣಕ್ಕೆ ಅರ್ಥ ಇದೆ. ಕಂದು ಅಂದರೆ ಬ್ಯಾಟರಿಯಿಂದ ನೇರ, ಫ್ಯೂಸ್ ಇಲ್ಲ, ಹುಷಾರು. ನೇರಳೆ ಅಂದರೆ ಫ್ಯೂಸ್ ದಾಟಿ ಬಂದದ್ದು, ಕೀ ಇಲ್ಲದೆಯೂ ಕರೆಂಟ್ ಇರುತ್ತದೆ. ಬಿಳಿ ಅಂದರೆ ಕೀ ಆನ್ ಆದ ಮೇಲೆ, ಹಸಿರು ಅಂದರೆ ಕೀ ಮತ್ತು ಫ್ಯೂಸ್ ಎರಡೂ ದಾಟಿದ್ದು. ಕೆಂಪು ಸೈಡ್ ಲೈಟಿಗೆ, ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ಥಿಂಗಿಗೆ. ಇಷ್ಟು ಗೊತ್ತಿದ್ದರೆ ನಕ್ಷೆ ಇಲ್ಲದೆ ಅರ್ಧ ಗಾಡಿ ಓದಬಹುದು. ಅದನ್ನು ಕಿತ್ತು ಎಸೆದರೆ ಮುಂದೆ ಯಾರಿಗೂ ಏನೂ ಗೊತ್ತಾಗದು.

ನಿಮ್ಮ ಗೆಳತಿಯ ಗಂಡನಿಗೂ ಒಂದು ಮಾತು ಹೇಳಿ. ಲೂಕಾಸ್ ಕಂಪನಿಯನ್ನು ಕತ್ತಲೆಯ ರಾಜಕುಮಾರ ಅಂತ ಹಂಗಿಸುವುದು ಪ್ರಪಂಚದ ತುಂಬ ಇದೆ. ಆದರೆ 1961ರಲ್ಲಿ ಅದೇ ಲೂಕಾಸ್ ಟಿವಿಎಸ್ ಜೊತೆ ಸೇರಿ ಮದ್ರಾಸಿನಲ್ಲಿ ಕಂಪನಿ ಶುರು ಮಾಡಿತು. ನಮ್ಮ ದೇಶದ ಗಾಡಿಗಳಿಗೆ ಸೆಲ್ಫ್ ಮೋಟಾರ್, ಡೈನಮೊ ಕೊಟ್ಟಿದ್ದು ಅದು. ನಾನು ಕೆಲಸ ಕಲಿತದ್ದೇ ಅವನ್ನು ಬಿಚ್ಚಿ ಕಟ್ಟಿ. ಅರವತ್ತು ವರ್ಷದ ಹಿತ್ತಾಳೆಗೆ ಕಿಲುಬು ಹಿಡಿದರೆ ಮಾಡಿದವರ ತಪ್ಪೇನು?

ಕೆಲಸ ಇದೇ ಕ್ರಮದಲ್ಲಿ ಆಗಲಿ: ಬ್ಯಾಟರಿ ಮತ್ತು ಡೈನಮೊ, ಆಮೇಲೆ ಶಾರ್ಟ್ ಹುಡುಕಿ ಸರಿಯಾದ ಫ್ಯೂಸ್, ಆಮೇಲೆ ಅರ್ಥಿಂಗ್ ಮತ್ತು ಬುಲೆಟ್‌ಗಳು, ಕೊನೆಗೆ ಹೆಡ್‌ಲೈಟಿನ ರಿಲೇ. ಬ್ಯಾಟರಿ ಹತ್ತಿರ ಒಂದು ಕಟ್-ಆಫ್ ಸ್ವಿಚ್ ಹಾಕಿಸಿ, ಗಾಡಿ ನಿಲ್ಲಿಸಿದಾಗ ಅದನ್ನು ಆಫ್ ಮಾಡುವ ರೂಢಿ ಇಟ್ಟುಕೊಳ್ಳಿ. ಸೀಟಿನ ಹಿಂದಿನ ಆ ತಗಡಿನ ಮುಚ್ಚಳದ ಒಳಮೈಗೆ ಬಿಳಿ ಪೇಂಟಿನಲ್ಲಿ "ಮೈನಸ್ ಅರ್ಥಿಂಗ್" ಅಂತ ದೊಡ್ಡದಾಗಿ ಬರೆಸಿ, ಕನ್ನಡದಲ್ಲೂ ಮರಾಠಿಯಲ್ಲೂ. ಡೈನಮೊ ಸರಿ ಮಾಡಿಸಿದ ದಿನ ಇಂಜಿನ್ ಸ್ವಲ್ಪ ಜೋರಾಗಿ ಓಡಿಸಿ ಬ್ಯಾಟರಿ ಮೇಲೆ ಎಷ್ಟು ವೋಲ್ಟ್ ಬಂತು ಅಂತ ನನಗೆ ಬರೆದು ತಿಳಿಸಿ. 13.5ರಿಂದ 14.5ರ ನಡುವೆ ಇದ್ದರೆ ಕಟೌಟ್ ಬದಲಿಸುವ ಖರ್ಚು ಉಳಿಯಿತು.